ರಾಮಗಢ ಎಲ್ಲೈತೆ ಸಾಮಿ?

ರಾಮಗಢಕ್ಕೆ ಬಸ್ಸಿಲ್ಲ! ಮೆಜೆಸ್ಟಿಕ್ಕಿನಲ್ಲಿ ಕೇಳಿ, ಮೈಸೂರು ರಸ್ತೆಯ ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಕೇಳಿ. ಆ ಊರಿಗೆ ಟಿಕೆಟ್ ಹರಿಯುವ ಕಂಡಕ್ಟರ್ ಇನ್ನೂ ಹುಟ್ಟಿಲ್ಲ. ಆದರೂ 'ಶೋಲೆ' ತೆರೆಕಂಡು ಐವತ್ತು ವರ್ಷ ದಾಟಿದ ಮೇಲೂ ಆ ಊರನ್ನು ಹುಡುಕಿಕೊಂಡು ಹೋಗುವವರಿಗೆ ಬರವಿಲ್ಲ. ಠಾಕೂರನ ಮನೆ, ವೀರು ಹತ್ತಿ ಕೂತ ನೀರಿನ ಟ್ಯಾಂಕು, ಗಬ್ಬರ್ ಸಿಂಗ್ ಅಡ್ಡಾಡಿದ ಬಂಡೆ... ಎಲ್ಲವೂ ಎಲ್ಲೋ ಇರಲೇಬೇಕು ಅಂತ ಅವರ ನಂಬಿಕೆ. ಕಣ್ಣಾರೆ ನೋಡಿದ್ದೇವಲ್ಲ ಸ್ವಾಮಿ! ಒಂದು ಸಲವಲ್ಲ, ಹತ್ತು ಸಲ!

ನಾನೂ ನೋಡಿದವನೇ. ಪಿಯುಸಿಯ ಪುಸ್ತಕ ಮುಗಿಯುವ ಮುಂಚೆಯೇ ಕಾಲೇಜಿಗೆ ಕೈಮುಗಿದು ಹೊರಬಂದವನು ನಾನು. ನನಗೆ ಗೊತ್ತಿದ್ದ ಭೂಗೋಳವೆಲ್ಲ ಬಹುಪಾಲು ಸಿನಿಮಾದ್ದೇ. ಕಾಶ್ಮೀರ ಅಂದರೆ ಹಾಡು, ಬೊಂಬಾಯಿ ಅಂದರೆ ಸ್ಮಗ್ಲರು, ಮಲೆನಾಡು ಅಂದರೆ ಮಳೆಯಲ್ಲಿ ಹೀರೋಯಿನ್ನು! ಆ ಲೆಕ್ಕದಲ್ಲಿ ಡಕಾಯಿತರ ಸೀಮೆ ಅಂದರೆ ಏನು? ಗುಂಡು ಗುಂಡು ಬಂಡೆಗಳ ಬೆಟ್ಟ, ಕೆಳಗೆ ಧೂಳೆಬ್ಬಿಸುವ ಕುದುರೆಗಳು.

ಆ ಬಂಡೆಗಳು ಉತ್ತರದ ಕಡೆಯವಲ್ಲ, ನಮ್ಮವು! ಬೆಂಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ರಾಮನಗರದ ಪಕ್ಕದ ರಾಮದೇವರ ಬೆಟ್ಟದವು. ಇದು ಚಿತ್ರರಸಿಕರಿಗೆಲ್ಲ ಗೊತ್ತಿರುವ ಸಂಗತಿಯೇ. ಗೊತ್ತಿಲ್ಲದ್ದು ಬೇರೆ ಇದೆ. ಒಂದು ಸಿನಿಮಾ ಊರಿನ ಮೇಲೆ ಕೂತುಬಿಟ್ಟರೆ ಆ ಊರಿನ ಗತಿ ಏನಾಗುತ್ತೆ? ಅದನ್ನು ನೋಡೋಣ ಅಂತಲೇ ಒಂದು ಬೆಳಿಗ್ಗೆ ಕೆಂಪು ಬಸ್ಸು ಹತ್ತಿದೆ.

ಐದು ಹೆಸರಿನ ಸೀಮೆ

ಹತ್ತುವಾಗ ಒಂದು ಎಚ್ಚರ ಇರಲಿ. ಬೆಂಗಳೂರು-ಮೈಸೂರಿನ ಹೊಸ ಎಕ್ಸ್‌ಪ್ರೆಸ್ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಅದು ರಾಮನಗರದ ಒಳಗೆ ಹೋಗೋದೇ ಇಲ್ಲ. ಊರನ್ನು ಬದಿಗೆ ತಳ್ಳಿ ಭರ್ರಂತ ಓಡುತ್ತದೆ. ಊರಿಗೆ ಇಳಿಯಬೇಕಾದರೆ ಹಳೇ ರಸ್ತೆಯ ಬಸ್ಸೇ ಆಗಬೇಕು. ಕೆಂಗೇರಿ ದಾಟಿ, ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ಮೂಗಿಗೆ ಹೊಡೆದು, ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಬಂಡೆಗಳು ಶುರುವಾಗುತ್ತವೆ.

ಈ ಬಂಡೆಗಳಿಗೆ ಪ್ರಪಂಚದ ಭೂವಿಜ್ಞಾನಿಗಳ ನಡುವೆ ಒಂದು ಹೆಸರಿದೆ: ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ! ರಾಜ್ಯದ ಉದ್ದಕ್ಕೆ ಬೆನ್ನುಮೂಳೆಯಂತೆ ನೂರಾರು ಕಿಲೋಮೀಟರ್ ಹಬ್ಬಿದೆ. ಕ್ಲೋಸ್‌ಪೇಟೆ ಅನ್ನೋದು ಇದೇ ರಾಮನಗರದ ಹಳೆಯ ಹೆಸರು. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಸರ್ ಬ್ಯಾರಿ ಕ್ಲೋಸ್ ಸಾಹೇಬನ ನೆನಪಿಗೆ ಇಟ್ಟದ್ದು. ಅದಕ್ಕೂ ಮುಂಚೆ, ಟಿಪ್ಪು ಕಾಲದಲ್ಲಿ, ಶಂಷೇರಾಬಾದ್. ಆಮೇಲೆ ರಾಮನಗರ. 2025ರಲ್ಲಿ ಜಿಲ್ಲೆಯ ಹೆಸರನ್ನು ಸರ್ಕಾರ 'ಬೆಂಗಳೂರು ದಕ್ಷಿಣ' ಅಂತ ಬದಲಿಸಿತು. ಸರ್ಕಾರದವರು, ಸಾಹೇಬರು, ಸುಲ್ತಾನರು ಎಲ್ಲ ಸೇರಿ ಇಟ್ಟ ಹೆಸರು ನಾಲ್ಕು. ಐದನೆಯದನ್ನು ಇಟ್ಟವರು ಬೊಂಬಾಯಿಯ ಸಿನಿಮಾದವರು: ರಾಮಗಢ. ದೇಶಕ್ಕೆಲ್ಲ ಗೊತ್ತಿರುವುದು ಅದೊಂದೇ!

ಇಲ್ಲದ ಊರನ್ನು ಕಟ್ಟಿದ ಬಗೆ

1973ರ ಅಕ್ಟೋಬರ್‌ನಲ್ಲಿ ಇಲ್ಲಿ ಷೂಟಿಂಗ್ ಶುರು. ನಿರ್ಮಾಪಕ ಜಿ. ಪಿ. ಸಿಪ್ಪಿ, ಅವರ ಮಗ ರಮೇಶ್ ಸಿಪ್ಪಿ ಡೈರೆಕ್ಟರು. ಕಥೆ, ಸಂಭಾಷಣೆ ಸಲೀಂ-ಜಾವೇದ್. ಕ್ಯಾಮರಾ ದ್ವಾರಕಾ ದಿವೇಚಾ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಲಾರಿ, ಕಾರು ಓಡಾಡಲು ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಿಕೊಂಡರು. ಆ ಜಾಗವನ್ನು ಜನ ಸಿಪ್ಪಿನಗರ ಅಂತ ಕರೆದದ್ದೂ ಉಂಟು. 1975ರ ಆಗಸ್ಟ್ 15ಕ್ಕೆ ಚಿತ್ರ ಬಿಡುಗಡೆ. ಬೊಂಬಾಯಿಯ ಮಿನರ್ವಾ ಥಿಯೇಟರಿನಲ್ಲಿ ಐದು ವರ್ಷ ಓಡಿತು. ಇಲ್ಲಿ ಸೆಟ್ಟು ಕಳಚಿಯಾಯಿತು. ಊರು ಹೋಯಿತು, ಊರಿನ ಹೆಸರು ಉಳಿಯಿತು.

ಈಗ ಒಂದು ತಮಾಷೆ ಕೇಳಿ. ಆ ರೈಲು ದರೋಡೆಯ ದೃಶ್ಯ ಇದೆಯಲ್ಲ, ಮೈ ಜುಮ್ಮೆನ್ನಿಸುವಂಥದ್ದು? ಅದು ಇಲ್ಲಿಯದಲ್ಲ. ತೆಗೆದದ್ದು ಬೊಂಬಾಯಿ ಹತ್ತಿರದ ಪನ್ವೇಲ್ ಕಡೆ, ವಾರಗಟ್ಟಲೆ. ಜೈಲು? ಅದು ಬೊಂಬಾಯಿಯ ರಾಜಕಮಲ್ ಸ್ಟುಡಿಯೋ ಹತ್ತಿರ ಹಾಕಿದ ಸೆಟ್ಟು. ರೈಲು ಒಂದು ಕಡೆ, ಜೈಲು ಇನ್ನೊಂದು ಕಡೆ, ಬೆಟ್ಟ ನಮ್ಮ ಕಡೆ. ಕತ್ತರಿ ಹಿಡಿದ ಎಡಿಟರು ಮೂರನ್ನೂ ಅಂಟಿಸಿದ ಕೂಡಲೇ ನಮ್ಮ ತಲೆಯಲ್ಲಿ ಅದು ಒಂದೇ ಸೀಮೆ! ಸಾವಿರ ಕಿಲೋಮೀಟರ್ ಅಂತರ ಒಂದು ಕ್ಷಣದಲ್ಲಿ ಮಾಯ. ಪರದೆಯ ಮೇಲೆ ಜಾಗ ಇರೋದಿಲ್ಲ ಗೆಳೆಯರೇ, ಒಂದರ ಪಕ್ಕ ಒಂದು ಷಾಟ್ ಇರುತ್ತದೆ ಅಷ್ಟೇ. ಊರನ್ನು ಕಟ್ಟಿಕೊಳ್ಳುವವರು ಟಿಕೆಟ್ ತಗೊಂಡ ನಾವು.

ಚಂಬಲ್‌ನಲ್ಲಿ ಇಂಥ ಬಂಡೆಗಳುಂಟೇ?

ನಿಜವಾದ ಡಕಾಯಿತರ ಸೀಮೆ ಅಂತ ಹೆಸರಾದದ್ದು ಚಂಬಲ್ ಕಣಿವೆ. ಅಲ್ಲಿರೋದು ಬಂಡೆಯಲ್ಲ, ಮಣ್ಣು! ಮಳೆನೀರು, ನದಿನೀರು ಕೊರೆದು ಕೊರೆದು ಮಾಡಿದ ಮಣ್ಣಿನ ಕೊರಕಲುಗಳು. 'ಶೋಲೆ'ಗೆ ಮುಂಚಿನ ಕೆಲವು ಡಕಾಯಿತಿ ಚಿತ್ರಗಳನ್ನು ಅಲ್ಲೇ ತೆಗೆದದ್ದೂ ಇದೆ. 1963ರ 'ಮುಝೇ ಜೀನೇ ದೋ' ಅಂಥದ್ದು. ಆ ಕೊರಕಲುಗಳಲ್ಲಿ ಡಕಾಯಿತರ ಓಡಾಟ ಹೆಚ್ಚಾಗಿ ಕಾಲ್ನಡಿಗೆಯಲ್ಲೇ. ಕುದುರೆ ಸವಾರಿ ಬಂದದ್ದು ಹಾಲಿವುಡ್ಡಿನ ಕೌಬಾಯ್ ಚಿತ್ರಗಳಿಂದ. ಗಬ್ಬರ್ ಸಿಂಗ್ ಅನ್ನುವ ಹೆಸರಿನ ಡಕಾಯಿತ 1950ರ ದಶಕದಲ್ಲಿ ಗ್ವಾಲಿಯರ್ ಕಡೆ ಇದ್ದದ್ದು ನಿಜ. ಹೆಸರು ಅಲ್ಲಿಂದ ಬಂತು, ಕುದುರೆ ಅಮೆರಿಕದಿಂದ ಬಂತು, ಬಂಡೆ ರಾಮನಗರದ್ದು. ಆದರೆ ಇವತ್ತು ಯಾರನ್ನಾದರೂ ಕಣ್ಣುಮುಚ್ಚಿ ಡಕಾಯಿತನನ್ನು ನೆನೆಸಿಕೋ ಅನ್ನಿ. ಅವನ ಹಿಂದೆ ಕಾಣಿಸೋದು ಮಣ್ಣಿನ ಕೊರಕಲಲ್ಲ, ನಮ್ಮ ರಾಮದೇವರ ಬೆಟ್ಟ!

ನಗೋಣ, ಪರವಾಗಿಲ್ಲ. ಆದರೆ ಡಕಾಯಿತ ಅನ್ನೋ ಮಾತು ಕನ್ನಡಿಗರಿಗೆ ಒಂದು ಸಲ ನಗು ತರಿಸದ ದಿನಗಳೂ ಬಂದವು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋದ. ನಾನು ಆಗ ಹಾಲುಹಲ್ಲಿನ ಹುಡುಗ. ಆ ದಿನಗಳ ಕಥೆಯನ್ನು ಮನೆಯವರ ಬಾಯಿಂದ ಕೇಳಿ ಬೆಳೆದವನು. 108 ದಿನ! ಜೈ ಬರಲಿಲ್ಲ, ವೀರು ಬರಲಿಲ್ಲ. ಕ್ಯಾಸೆಟ್‌ಗಳು ಬಂದವು, ಸಂಧಾನಕಾರರು ಕಾಡಿಗೆ ಹೋಗಿ ಬಂದರು, ಪಾರ್ವತಮ್ಮನವರು ಕಾದರು, ನಾಡು ಕಾದಿತು. ಪರದೆಯ ಮೇಲೆ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ನಿಜದಲ್ಲಿ ಮೂರೂವರೆ ತಿಂಗಳು ಎಳೆಯಿತು. ಆ ಭಯಕ್ಕೆ ಹಿನ್ನೆಲೆ ಸಂಗೀತವೂ ಇರಲಿಲ್ಲ.

ಗಬ್ಬರ್ ಬಂಡೆ ಯಾವ್ದಣ್ಣ?

ರಾಮನಗರ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹಿಡಿದೆ. ನಾನು ಬಾಯಿ ಬಿಡುವ ಮೊದಲೇ ಡ್ರೈವರ್ ಕೇಳಿದ:

"ಶೋಲೆ ಬೆಟ್ಟಕ್ಕಾ ಸಾರ್?"

"ರಾಮದೇವರ ಬೆಟ್ಟಕ್ಕಣ್ಣ."

"ಎರಡೂ ಒಂದೇ. ರಾಮದೇವರ ಬೆಟ್ಟ ಅಂದ್ರೆ ಪೂಜೆ ಮಾಡ್ಸೋರು. ಶೋಲೆ ಬೆಟ್ಟ ಅಂದ್ರೆ ಬೆಂಗಳೂರೋರು."

ಮಾತುಗಾರ. ದಾರಿಯುದ್ದಕ್ಕೂ ಅಮ್ಜದ್ ಖಾನ್ ದನಿಯಲ್ಲಿ ನಾಲ್ಕು ಮಾತು ಹೇಳಿ ರಂಜಿಸಿದ. ಬೆಟ್ಟದ ಬುಡ ಬಂದಾಗ ನಾನೂ ಎಲ್ಲರಂತೆ ಕೇಳಿದೆ: "ಗಬ್ಬರ್ ಬಂಡೆ ಯಾವ್ದಣ್ಣ?"

ಅವನು ನನ್ನ ಹೆಗಲಿನ ಚೀಲ, ಕೈಲಿದ್ದ ನೋಟ್‌ಬುಕ್ ನೋಡಿ ನಕ್ಕ. "ನೀವು ಬರೆಯೋರ ಥರ ಕಾಣ್ತೀರ, ಸುಳ್ಳು ಹೇಳಲ್ಲ. ಸರಿಯಾಗಿ ನಂಗೂ ಗೊತ್ತಿಲ್ಲ ಸಾರ್. ನಾನು ಹುಟ್ಟೋ ಮುಂಚೆ ನಡ್ದಿದ್ದು. ಗೊತ್ತಿಲ್ಲ ಅಂದ್ರೆ ಬಂದೋರ ಮುಖ ಸಪ್ಪಗಾಗ್ತದೆ. ಅದಕ್ಕೇ ಬಿಸಿಲು ಚೆನ್ನಾಗಿ ಬಿದ್ದಿರೋ ಬಂಡೆ ಒಂದನ್ನ ತೋರಿಸ್ಬಿಡ್ತೀನಿ. ಫೋಟೋ ತಗೊಂಡು ಖುಷಿಯಾಗಿ ಹೋಗ್ತಾರೆ."

ಬೆಳಿಗ್ಗೆ ಒಂದು ಬಂಡೆ, ಸಾಯಂಕಾಲ ಇನ್ನೊಂದು! ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವನು ಮಾರ್ತಿರೋದು ಸುಳ್ಳಲ್ಲ. ಬಂದವರು ಮನೆಯಿಂದ ಹೊತ್ತು ತಂದ ಚಿತ್ರವನ್ನೇ ಅವರ ಕೈಗೆ ವಾಪಸ್ ಕೊಡ್ತಾನೆ.

ಕಣ್ಣಾರೆ ಕಂಡವರು

ಬುಡದ ಹಳ್ಳಿಯ ಕಡೆ ಒಂದು ಟೀ ಅಂಗಡಿಯಲ್ಲಿ ಎಪ್ಪತ್ತರ ಆಸುಪಾಸಿನ ತಾತ ಒಬ್ಬರು ಸಿಕ್ಕಿದರು. ಷೂಟಿಂಗ್ ಕಾಲಕ್ಕೆ ಹದಿನೇಳು-ಹದಿನೆಂಟರ ಹುಡುಗ. ಸೆಟ್ಟಿಗೆ ಕಲ್ಲು ಹೊತ್ತಿದ್ದರಂತೆ, ಗುಂಪಿನ ದೃಶ್ಯಗಳಲ್ಲಿ ನಿಂತಿದ್ದರಂತೆ. ನನಗೆ ಹಬ್ಬವಾಯಿತು! ಕೊನೆಗೂ ಸಿನಿಮಾ ನೋಡಿದವರಲ್ಲ, ಸಿನಿಮಾ ಆಗುವುದನ್ನು ನೋಡಿದವರು ಸಿಕ್ಕರಲ್ಲ!

"ಏನೇನು ನೋಡಿದ್ರಿ ತಾತ?"

"ಎಲ್ಲಾನೂ ನೋಡಿವ್ನಿ ಕಣಪ್ಪ. ಕುದ್ರೆ ನೋಡಿವ್ನಿ. ಧರ್ಮೇಂದ್ರ ನೋಡಿವ್ನಿ. ಆ ರೈಲ್ ಮ್ಯಾಗೆ ಹೊಡೆದಾಡಿದ್ರಲ್ಲ, ಇಲ್ಲೇ, ನಮ್ ಸ್ಟೇಸನ್ ತಾವ. ಗಾಡಿ ಇಂಜಿನ್ನು ಮರದ ದಿಮ್ಮಿಗೆ ಗುದ್ದಿದ್ದು ಕಣ್ಣಿಗೆ ಕಟ್ದಂಗದೆ!"

ನಾನು ಟೀ ಲೋಟ ಕೆಳಗಿಟ್ಟೆ. ರೈಲಿನ ದೃಶ್ಯ ಪನ್ವೇಲ್ ಕಡೆಯದು. ಆ ಕಾಲಕ್ಕೆ ನಮ್ಮ ಬೆಂಗಳೂರು-ಮೈಸೂರು ಹಳಿ ಮೀಟರ್ ಗೇಜು. ಪರದೆಯ ಮೇಲಿನ ರೈಲು ಅಗಲ ಹಳಿಯದು. ಆದರೆ ತಾತ ಸುಳ್ಳು ಹೇಳುತ್ತಿರಲಿಲ್ಲ. ಅವರ ಕಣ್ಣಲ್ಲಿ ಅದು ಇತ್ತು. ಟೆಂಟಿನಲ್ಲಿ, ಥಿಯೇಟರಿನಲ್ಲಿ, ಆಮೇಲೆ ಟಿವಿಯಲ್ಲಿ ಎಷ್ಟು ಸಲ ನೋಡಿದರೋ, ನೋಡಿದ್ದೂ ನಡೆದದ್ದೂ ಬೆರೆತು ಒಂದಾಗಿತ್ತು. ಅಲ್ಲೇ ನಿಂತಿದ್ದ ಮನುಷ್ಯನ ನೆನಪಿನ ಮೇಲೂ ಸಿನಿಮಾ ತನ್ನ ರೀಲು ಸುತ್ತಿಬಿಟ್ಟಿತ್ತು!

ನಾನು ತಿದ್ದಲು ಹೋಗಲಿಲ್ಲ. ಬೇರೆ ಪ್ರಶ್ನೆ ಕೇಳಿದೆ: "ಆಗ ಮನೇಲಿ ಹೇಗಿತ್ತು ತಾತ?"

ಅಜ್ಜ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಮಾತು ಬಂತು. ಈ ಸಲ ದನಿ ಬೇರೆ. ಆ ವರ್ಷ ಚಳಿಗಾಲದಲ್ಲಿ ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ಬಂತಂತೆ. ನಾಲ್ಕನೇ ಜ್ವರ ದಾಟಿ ಇನ್ನೇನು ಹಣ್ಣಾಗಬೇಕಾದ ಹುಳಗಳು ತಟ್ಟೆಯ ತುಂಬ ಬೆಳ್ಳಗೆ ಸುಣ್ಣದ ಕಡ್ಡಿಯಂತೆ ಸೆಟೆದು ಸತ್ತವಂತೆ. ಅವರವ್ವ ಆ ತಟ್ಟೆಗಳನ್ನು ಹಿತ್ತಲಲ್ಲಿ ಬಡಿದು ಸುಟ್ಟು, ಒಲೆಯ ಮುಂದೆ ಕೂತವಳು ಎರಡು ದಿನ ಮಾತಾಡಲಿಲ್ಲವಂತೆ. "ಆವಾಗ ಸಿನ್ಮಾದೋರು ಕೊಟ್ಟ ಕೂಲೀಲೇ ಅಲ್ವಾ ನಾವು ರಾಗಿ ತಂದಿದ್ದು? ಇಲ್ದಿದ್ರೆ ಏನ್ ಗತಿ..." ಅಂದರು.

ನೋಡಿ, ಇದೂ 'ಶೋಲೆ' ಕಥೆಯೇ. ಯಾವ ಪರದೆಯ ಮೇಲೂ ಬಂದಿಲ್ಲ. ಅಜ್ಜನಿಗೆ ರೈಲು ಬೇಗ ನೆನಪಾಗುತ್ತೆ, ಅವ್ವ ತಡವಾಗಿ. ರೈಲಿನ ಬಗ್ಗೆ ಕೇಳುವವರು ದಿನಾ ಬರುತ್ತಾರೆ. ಅವ್ವನ ಬಗ್ಗೆ ಯಾರು ಕೇಳುತ್ತಾರೆ?

ಕೊನೆಯೂ ಬೇರೆಯೇ ಇತ್ತು!

ಅಜ್ಜನೊಬ್ಬರದೇ ಏಕೆ, ದೇಶದ ನೆನಪನ್ನೇ ತಿದ್ದಿದ ಕಥೆ ಕೇಳಿ. ಚಿತ್ರದ ಕೊನೆಯಲ್ಲಿ ಠಾಕೂರ್ ಗಬ್ಬರನನ್ನು ತುಳಿಯುವಾಗ ಪೊಲೀಸರು ಬಂದು ತಡೆಯುತ್ತಾರೆ ಅಲ್ಲವೇ? ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಹಾಗಲ್ಲ. ಮುಳ್ಳಿನ ಬೂಟಿನಲ್ಲಿ ತುಳಿದು ಠಾಕೂರನೇ ಅವನನ್ನು ಮುಗಿಸುತ್ತಾನೆ. ಆದರೆ 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನು ಕೈಗೆತ್ತಿಕೊಂಡರೆ ಹೇಗೆ ಅಂತ ಸೆನ್ಸಾರ್ ಮಂಡಳಿ ತಕರಾರು ಎತ್ತಿತು. ಕೊನೆಯನ್ನು ಮತ್ತೆ ತೆಗೆಯಬೇಕಾಯಿತು. ಹಳೆಯ ಕೊನೆ ಸೇರಿಸಿ ಸರಿಪಡಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ಊರಿನ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಂದರೆ ಐವತ್ತು ವರ್ಷ ಕೋಟ್ಯಂತರ ಜನ ನಂಬಿದ ಕೊನೆ ಡೈರೆಕ್ಟರು ಬಯಸಿದ್ದಲ್ಲ. ಪೊಲೀಸರು ಸರಿಯಾದ ಹೊತ್ತಿಗೆ ಬರುತ್ತಾರೆ ಅನ್ನುವ ಪಾಠವನ್ನು ನಮಗೆ ಹೇಳಿಕೊಟ್ಟದ್ದು ಕಥೆಗಾರರಲ್ಲ, ಆ ಕಾಲದ ಸರ್ಕಾರ!

ಗಬ್ಬರ್‌ನ ಮಾತುಗಳು ಗ್ರಾಮಫೋನ್ ರೆಕಾರ್ಡಿನಲ್ಲಿ ಬಂದವು. ಚಿತ್ರ ನೋಡದವರಿಗೂ ಬಾಯಿಪಾಠ. ಕೊಲೆಗಡುಕ ವಿಲನ್ನು ಬಿಸ್ಕತ್ತಿನ ಜಾಹೀರಾತಿನಲ್ಲಿ ಕಾಣಿಸಿಕೊಂಡು ಮಕ್ಕಳಿಗೆ ಇಷ್ಟದವನಾದ. ಅಮ್ಜದ್ ಖಾನ್ 1992ರಲ್ಲಿ ತೀರಿಕೊಂಡರು; ಗಬ್ಬರ್ ಇನ್ನೂ ಬದುಕಿದ್ದಾನೆ.

ಮೊಬೈಲಿನಲ್ಲಿ ಕೂಗುವ ಹರಾಜು

ಮಧ್ಯಾಹ್ನ ಊರೊಳಗೆ ಬಂದು ಗೂಡಿನ ಮಾರುಕಟ್ಟೆಗೆ ಹೋದೆ. ರೇಷ್ಮೆ ಗೂಡಿನ ವ್ಯಾಪಾರದಲ್ಲಿ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು ಅಂತ ಇದಕ್ಕೆ ಹೆಸರು. ಆದರೆ 'ಶೋಲೆ ಬೆಟ್ಟ' ನೋಡಲು ಬಂದ ಒಬ್ಬನೂ ಇಲ್ಲಿ ಕಾಣಲಿಲ್ಲ. ತಟ್ಟೆ ತಟ್ಟೆಗಳಲ್ಲಿ ಹಳದಿ, ಬಿಳಿ ಗೂಡುಗಳ ರಾಶಿ. ಪಕ್ಕದಲ್ಲಿ ರಾತ್ರಿಯೆಲ್ಲ ಲಗೇಜ್ ಆಟೋದಲ್ಲಿ ಕೂತು ಬಂದು ನಿದ್ದೆಗೆಟ್ಟ ರೈತರು. ರೀಲರುಗಳು ಕೈಗೆ ನಾಲ್ಕು ಗೂಡು ತಗೊಂಡು, ಕಿವಿಯ ಹತ್ತಿರ ಕುಲುಕಿ, ಹೆಬ್ಬೆರಳಿನಲ್ಲಿ ಒತ್ತಿ ಗುಣ ನೋಡುತ್ತಾರೆ. ಹಿಂದೆ ಕೂಗಿ ಹರಾಜು ನಡೆಯುತ್ತಿತ್ತು. ಈಗ ಮೊಬೈಲಿನಲ್ಲಿ ಒತ್ತುತ್ತಾರೆ, ರೇಟು ಅಲ್ಲೇ ಮೂಡುತ್ತದೆ. ಒಂದು ತಿಂಗಳ ದುಡಿಮೆಯ ತೀರ್ಪು ಒಂದು ಅಂಕೆ!

ಒಂದು ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರ್ ಹತ್ತಿರದ ಒಂದೇ ಎಳೆ ಇರುತ್ತದೆ. ಅದನ್ನು ಬಿಚ್ಚಬೇಕಾದರೆ ಗೂಡನ್ನು ಕುದಿನೀರಿನಲ್ಲಿ ಬೇಯಿಸಬೇಕು, ಬಿಸಿನೀರಿಗೆ ಕೈಹಾಕಿ ಎಳೆ ಹಿಡಿಯಬೇಕು. ಒಂದು ಫಿಲೇಚರಿನಲ್ಲಿ ಕೆಲಸ ಮಾಡುವ ಅಕ್ಕನೊಬ್ಬಳು ಅಂಗೈ ತೋರಿಸಿದಳು: ಬೆರಳ ತುದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. "ಸಿನಿಮಾದಲ್ಲಿ ರೇಷ್ಮೆ ಸೀರೆ ಉಟ್ಟೋರನ್ನ ತೋರಿಸ್ತಾರೆ, ಕೈ ತೋರಿಸಲ್ಲ ಅಲ್ವಾ?" ಅಂತ ನಕ್ಕಳು. ನಾನು ಬರೆದುಕೊಂಡೆ. ಇಂಥ ಮಾತು ಡೈಲಾಗ್ ರೈಟರುಗಳಿಗೂ ಸುಲಭಕ್ಕೆ ಸಿಗೋದಿಲ್ಲ.

ಬಂಡೆಯ ಮೇಲಿನ ಬಿಳಿ ಗೆರೆ

ಸಾಯಂಕಾಲ ಮತ್ತೆ ಬೆಟ್ಟ. ಈಗ ಇದು ಬರೀ ಬೆಟ್ಟವಲ್ಲ, ರಣಹದ್ದು ಧಾಮ. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಜಾಗವನ್ನು ಹದ್ದುಗಳಿಗೆ ಅಂತಲೇ ಘೋಷಿಸಿತು. ಅರಣ್ಯ ಇಲಾಖೆಯ ಗೇಟು ದಾಟಿ, ಮೆಟ್ಟಿಲು ಹತ್ತಿದರೆ ಮೇಲೆ ಪಟ್ಟಾಭಿರಾಮನ ಗುಡಿ. ರಾಮ ಇಲ್ಲಿ ಕಾಕಾಸುರನನ್ನು ಶಿಕ್ಷಿಸಿದ, ಅದಕ್ಕೇ ಈ ಬೆಟ್ಟಕ್ಕೆ ಕಾಗೆ ಬರೋದಿಲ್ಲ ಅನ್ನೋದು ಜನರ ನಂಬಿಕೆ. ಹದ್ದುಗಳೋ, ಜಟಾಯುವಿನ ಕುಲ.

ಅಲ್ಲಿ ಕೂತು ಯೋಚಿಸಿದೆ. ಈ ಬೆಟ್ಟದ ಮೇಲೆ ಕಥೆ ಕಟ್ಟಿದವರು ಸಿಪ್ಪಿಗಳೇ ಮೊದಲಿಗರಲ್ಲ. ನಮ್ಮ ಹಿರಿಯರೂ ಕಟ್ಟಿದರು. ಆದರೆ ಆ ಕಥೆಯಲ್ಲಿ ಹದ್ದಿಗೆ ಒಂದು ಮರ್ಯಾದೆಯ ಜಾಗ ಇತ್ತು. ಸಿನಿಮಾಗಳು ಹದ್ದಿಗೆ ಕೊಟ್ಟ ಪಾತ್ರ ಯಾವುದು? ಹೆಣ ಬೀಳುವ ಮುಂಚೆ ಮೇಲೆ ಸುತ್ತುವ ಅಪಶಕುನ! ನೂರು ಚಿತ್ರಗಳಲ್ಲಿ ಅದನ್ನೇ ನೋಡಿದವರಿಗೆ ಹದ್ದು ಸತ್ತರೆ ದುಃಖ ಆಗೋದಾದರೂ ಹೇಗೆ?

ಸತ್ತದ್ದು ಒಂದೆರಡಲ್ಲ. 1990ರ ದಶಕದಿಂದ ಇಂಡಿಯಾದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಾಯವಾದವು. ಗುಂಡು ಹೊಡೆದವರಿಲ್ಲ. ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಕಾರಣ. ದನಕ್ಕೆ ಚುಚ್ಚುತ್ತಾರೆ, ದನ ಸಾಯುತ್ತದೆ, ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಇದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ದನಗಳಿಗೆ ಆ ಔಷಧಿಯನ್ನು ನಿಷೇಧಿಸಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಇಲ್ಲಿರುವ ಉದ್ದ ಕೊಕ್ಕಿನ ರಣಹದ್ದುಗಳು ಈಗ ಬೆರಳೆಣಿಕೆ. ಒಂದು ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಅದೂ ಎಲ್ಲಿ? ಕಡಿದಾದ ಬಂಡೆಯ ಅಂಚಿನಲ್ಲಿ. ಸದ್ದು, ಗಲಾಟೆ, ಕಲ್ಲುಕ್ವಾರಿಯ ಸಿಡಿತ ಇವಕ್ಕೆ ಆಗಿಬರೋದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಯೋಜನೆ ಸುದ್ದಿಯಾಗಿತ್ತು, ನೆನಪಿದೆಯೇ? ಪ್ರವಾಸಿಗಳನ್ನು ಸೆಳೆಯಲು ರಾಮನಗರದಲ್ಲಿ ರಾಮಗಢವನ್ನು ಮತ್ತೆ ಕಟ್ಟಬೇಕು ಅನ್ನುವ ಮಾತು. ಹದ್ದುಗಳ ಗತಿ ಏನು ಅಂತ ತಕರಾರೂ ಎದ್ದಿತು. ಇಲ್ಲದ ಊರಿನ ನಕಲು ಕಟ್ಟಲು, ಇರುವ ಹಕ್ಕಿಯ ಮನೆ ಕೆಡಿಸುವುದೇ? ಅಭಿಮಾನಕ್ಕೂ ಒಂದು ಮಿತಿ ಬೇಡವೇ ಗೆಳೆಯರೇ!

ಮೆಟ್ಟಿಲ ಮೇಲೆ ಬೆಂಗಳೂರಿನ ನಾಲ್ಕು ಹುಡುಗರಿದ್ದರು. ಒಬ್ಬ ಗಬ್ಬರ್, ಒಬ್ಬ ಸಾಂಬಾ. ಇನ್ನೊಬ್ಬ ಮೊಬೈಲ್ ಹಿಡಿದು ರೀಲ್ಸ್ ತೆಗೆಯುತ್ತಿದ್ದ. ಹತ್ತು ಸಲ ಟೇಕ್! ಕಾವಲಿನ ಗಾರ್ಡ್ ಬಂದು, "ಕೂಗ್ಬೇಡ್ರಪ್ಪಾ, ಎದುರುಗಡೆ ಹದ್ದಿನ ಗೂಡದೆ" ಅಂದರು. ಹುಡುಗರು ಒಳ್ಳೆಯವರೇ, ಸುಮ್ಮನಾದರು. "ಎಲ್ಲಿ ಅಣ್ಣ? ಏನೂ ಕಾಣಿಸ್ತಿಲ್ಲ" ಅಂದ ಒಬ್ಬ. ಗಾರ್ಡ್ ಬೆರಳು ಮಾಡಿ ತೋರಿಸಿದರು. ಎದುರಿನ ಬಂಡೆಯ ನೆತ್ತಿಯ ಕೆಳಗೆ ಸುಣ್ಣ ಸುರಿದ ಹಾಗೆ ಒಂದು ಬಿಳಿ ಗೆರೆ. ಹದ್ದಿನ ಹಿಕ್ಕೆ. ಅದರ ಮೇಲಿನ ಅಂಚಿನಲ್ಲೇ ಗೂಡು. ನಮಗೆ ಆ ಬಂಡೆ ಬೆಳಗಿನಿಂದ ಕಾಣುತ್ತಲೇ ಇತ್ತು, ಗೆರೆಯೂ ಇತ್ತು. ಐವರೂ ನೋಡಿರಲಿಲ್ಲ!

ಕಾಲು ಗಂಟೆ ಕಾದೆವು. ಗಬ್ಬರ್ ಆಗಿದ್ದ ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆಗ ಬಂಡೆಯ ಬಣ್ಣದಿಂದಲೇ ಬಿಡಿಸಿಕೊಂಡಂತೆ ಒಂದು ಹಕ್ಕಿ ಹೊರಬಿತ್ತು. ರೆಕ್ಕೆ ಬಡಿಯಲಿಲ್ಲ. ಬಿಸಿಗಾಳಿಯ ಮೇಲೆ ಸುಮ್ಮನೆ ಒರಗಿ, ದೊಡ್ಡ ಸುತ್ತು ಹೊಡೆದು, ಶಿಖರದ ಆಚೆ ಹೋಯಿತು. "ಗುರೂ... ಎಷ್ಟ್ ದೊಡ್ಡದೋ!" ಅಂದ ಆ ಹುಡುಗ, ಅಮ್ಜದ್ ಖಾನ್ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ.

ಪರದೆಗಳ ಸೀಮೆ

ಈ ಸೀಮೆಗೆ ವೇಷ ಹಾಕಿಸಿದವರು ಸಿಪ್ಪಿಗಳೊಬ್ಬರೇ ಅಲ್ಲ. 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಡೇವಿಡ್ ಲೀನ್ ಇಲ್ಲಿಗೇ ಬಂದರು. ಫಾರ್ಸ್ಟರ್ 1924ರ ಕಾದಂಬರಿಯಲ್ಲಿ ಬರೆದ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು; ಅಶೋಕನ ಕಾಲದವು. ಪರದೆಯ ಮೇಲೆ ಆ ಗುಹೆಗಳ ಪಾತ್ರ ಮಾಡಿದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳು. ಅದೇ ಬೆಟ್ಟ ಹಿಂದಿಯವರಿಗೆ ಡಕಾಯಿತರ ಅಡ್ಡೆ, ಇಂಗ್ಲಿಷಿನವರಿಗೆ ಬಿಹಾರ! ನಮ್ಮ ಬಂಡೆಗಿಂತ ದೊಡ್ಡ ನಟ ಯಾರಿದ್ದಾರೆ ಹೇಳಿ?

ಹಾದಿಯಲ್ಲಿ ಸಿಗುವ ಬಿಡದಿಯಲ್ಲಿ ಕನ್ನಡದ ಬಿಗ್ ಬಾಸ್ ಮನೆ ಕಟ್ಟಿದರು. ಅದನ್ನು 'ರಿಯಾಲಿಟಿ' ಅಂತಲೇ ಕರೆಯುತ್ತಾರೆ. ಇಡೀ ದಿನದ ಬದುಕನ್ನು ಒಂದೂವರೆ ಗಂಟೆಗೆ ಕತ್ತರಿಸಿ ತೋರಿಸುತ್ತಾರೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ನಾವು ರಾತ್ರಿ ಜಗಳವಾಡುತ್ತೇವೆ. ಕತ್ತರಿ ಹಿಡಿದವರು ಯಾರು ಅಂತ ಕೇಳುವವರು ಎಷ್ಟು ಜನ? ಈಗಂತೂ ಕತ್ತರಿ ನಮ್ಮ ಜೇಬಿನಲ್ಲೇ ಇದೆ. ಮೊಬೈಲಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೋ ನೋಡಿ ಒಂದು ಊರು, ಒಂದು ಜಾತಿ, ಒಂದು ಧರ್ಮದ ಜನ ಹೀಗೇ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಪನ್ವೇಲ್ ರೈಲನ್ನು ರಾಮನಗರದ ಹಳಿಗೆ ತಂದ ಅದೇ ಕೈಚಳಕ ಅಲ್ಲೂ ಇದ್ದೀತು. ಅಜ್ಜನ ರೈಲಿನಿಂದ ಯಾರಿಗೂ ನಷ್ಟವಿಲ್ಲ. ಎಲ್ಲ ರೈಲೂ ಅಷ್ಟು ನಿರಪಾಯವಲ್ಲ.

ಸಿನಿಮಾ ಬಿಡಿ ಅಂತ ನಾನು ಹೇಳ್ತಿಲ್ಲ. ಸಿನಿಮಾ ಬಿಟ್ಟರೆ ಈ ಪತ್ರಿಕೆ ಯಾರು ಕೊಳ್ಳುತ್ತಾರೆ, ನನ್ನ ಹೊಟ್ಟೆಪಾಡು ಏನಾಗಬೇಕು! 'ಶೋಲೆ'ಯನ್ನು ಇನ್ನೂ ಹತ್ತು ಸಲ ನೋಡಿ. ಆಮೇಲೆ ಹಳೇ ರಸ್ತೆಯ ಬಸ್ಸು ಹತ್ತಿ ರಾಮನಗರದಲ್ಲಿ ಇಳಿಯಿರಿ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ. ಟೀ ಅಂಗಡಿಯಲ್ಲಿ ವಯಸ್ಸಾದವರು ಸಿಕ್ಕರೆ ರೈಲಿನ ಕಥೆ ಕೇಳಿ, ಅದು ಮುಗಿದ ಮೇಲೆ ಮನೆಯ ಕಥೆಯನ್ನೂ ಕೇಳಿ. ಬೆಟ್ಟದಲ್ಲಿ ಗಬ್ಬರ್ ಬಂಡೆ ತೋರಿಸಿದರೆ ಫೋಟೋ ತಗೊಳ್ಳಿ, ತಪ್ಪಿಲ್ಲ. ಕೂಗಬೇಡಿ. ಎದುರಿನ ಬಂಡೆಯಲ್ಲಿ ಬಿಳಿ ಗೆರೆ ಹುಡುಕಿ. ಅದರ ಮೇಲಿನ ಅಂಚಿನಲ್ಲಿ ಈ ವರ್ಷದ ಒಂದೇ ಒಂದು ಮೊಟ್ಟೆ ಇರಬಹುದು.